ದೀರ್ಘಕಾಲದ ಸ್ಟೀರಾಯ್ಡ್ ಸೇವನೆಯ ನಂತರ ಅಡ್ರಿನಲ್ ಗ್ರಂಥಿಯ ಚೇತರಿಕೆ ಮತ್ತು ನೆಮ್ಮದಿಯ ನಿದ್ದೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರು ಡೋಸ್ ಇಳಿಸುವ ಹೊತ್ತಿಗೆ ಎರಡು ತೊಂದರೆಗಳನ್ನು ಒಟ್ಟಿಗೆ ಹೇಳಿಕೊಳ್ಳುತ್ತಾರೆ: ಹಗಲೆಲ್ಲ ಮೈಯಲ್ಲಿ ಕಸುವಿಲ್ಲ, ರಾತ್ರಿಯಾದರೆ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಮೂಲ ಕಾಯಿಲೆ ಆಸ್ತಮಾ, ಸಂಧಿವಾತ, ಲೂಪಸ್, ಕರುಳಿನ ಉರಿಯೂತ, ಚರ್ಮರೋಗ ಯಾವುದೇ ಆಗಿರಲಿ, ಈ ಜೋಡಿ ದೂರು ಮಾತ್ರ ಬದಲಾಗುವುದಿಲ್ಲ. ನಾಲ್ಕು ವರ್ಷ ಆ ಮಾತ್ರೆ ನುಂಗಿ, ಅದನ್ನು ಬಿಡುವುದಕ್ಕೆ ಹದಿನಾಲ್ಕು ತಿಂಗಳು ತೆಗೆದುಕೊಂಡವಳು ನಾನು. ಆ ಅವಧಿಯಲ್ಲಿ ವೈದ್ಯರಿಂದ ಕೇಳಿ ತಿಳಿದದ್ದನ್ನು, ಓದಿ ಖಚಿತಪಡಿಸಿಕೊಂಡದ್ದನ್ನು ಮತ್ತು ದಿನವೂ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟದ್ದನ್ನು ಇಲ್ಲಿ ಕ್ರಮವಾಗಿ ಇಡುತ್ತಿದ್ದೇನೆ. ಹಗಲಿನ ಸುಸ್ತನ್ನೂ ರಾತ್ರಿಯ ಎಚ್ಚರವನ್ನೂ ಬೇರೆ ಬೇರೆಯಾಗಿ ನೋಡಿದ್ದರಿಂದಲೇ ಮೊದಲ ಆರು ತಿಂಗಳು ನನಗೆ ದಾರಿ ಸಿಗಲಿಲ್ಲ. ಎರಡೂ ಒಂದೇ ಗಡಿಯಾರದ ಕೆಡುಕೆಂದು ಅರ್ಥವಾದ ಮೇಲೆ ಮುಂದಿನ ಹೆಜ್ಜೆಗಳು ತಾವಾಗಿ ಕಾಣತೊಡಗಿದವು.

ಮೊದಲೇ ಒಂದು ಎಚ್ಚರಿಕೆ. ಈಗಲೂ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಈ ಬರಹವನ್ನು ಓದಿ ತಾವಾಗಿಯೇ ಡೋಸ್ ಇಳಿಸಬಾರದು, ಒಂದು ದಿನದ ಮಟ್ಟಿಗೂ ನಿಲ್ಲಿಸಬಾರದು. ಇಲ್ಲಿರುವ ಅಂಕಿಗಳು ವೈದ್ಯರೊಂದಿಗೆ ಕುಳಿತು ಮಾತನಾಡುವಾಗ ನಿಮಗೆ ಹಿನ್ನೆಲೆಯಾಗಿ ಇರಲೆಂದು ಕೊಟ್ಟವು.

ಹಂತ 1: ಗ್ರಂಥಿ ಏಕೆ ಮಲಗಿತು ಎಂಬುದನ್ನು ತಿಳಿಯುವುದು

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳೇ ಅಡ್ರಿನಲ್ ಗ್ರಂಥಿಗಳು; ಒಂದೊಂದರ ತೂಕ ಸುಮಾರು 4ರಿಂದ 5 ಗ್ರಾಂ. ಇವುಗಳ ಹೊರಪದರ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ರಕ್ತದೊತ್ತಡ ಬೀಳದಂತೆ, ರಕ್ತದ ಸಕ್ಕರೆ ಕುಸಿಯದಂತೆ, ಜ್ವರ ಅಥವಾ ಗಾಯವಾದಾಗ ದೇಹ ತಡೆದುಕೊಳ್ಳುವಂತೆ ನೋಡಿಕೊಳ್ಳುವುದು ಇದೇ ಹಾರ್ಮೋನು. ಆದರೆ ಅಡ್ರಿನಲ್ ಗ್ರಂಥಿ ತನ್ನಷ್ಟಕ್ಕೆ ತಾನು ಕೆಲಸ ಮಾಡುವುದಿಲ್ಲ. ಮಿದುಳಿನ ಹೈಪೋಥಾಲಮಸ್ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ, ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಅದು ತಲುಪಿದ ಮೇಲೆ ಅಡ್ರಿನಲ್ ಕಾರ್ಟಿಸಾಲ್ ಮಾಡುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಿದೆ ಎಂದು ಕಂಡೊಡನೆ ಮೇಲಿನವರಿಬ್ಬರೂ ಸುಮ್ಮನಾಗುತ್ತಾರೆ.

ಹೊರಗಿನಿಂದ ಬಂದ ಪ್ರೆಡ್ನಿಸೊಲೋನ್ ಕೂಡ ಮಿದುಳಿನ ಕಣ್ಣಿಗೆ ಕಾರ್ಟಿಸಾಲ್‌ನಂತೆಯೇ ಕಾಣುತ್ತದೆ. ದೇಹ ದಿನವೊಂದಕ್ಕೆ ಸಹಜವಾಗಿ ಬಳಸುವಷ್ಟು ಕಾರ್ಟಿಸಾಲ್‌ಗೆ ಸಮನಾದದ್ದು ಸುಮಾರು 4ರಿಂದ 6 ಮಿ.ಗ್ರಾಂ ಪ್ರೆಡ್ನಿಸೊಲೋನ್, ಅದಕ್ಕಿಂತ ಹೆಚ್ಚಿನ ಡೋಸ್ ಮೂರು-ನಾಲ್ಕು ವಾರ ಮೀರಿ ನಡೆದರೆ ಮೇಲಿನಿಂದ ಸಂದೇಶ ಬರುವುದು ನಿಲ್ಲುತ್ತದೆ, ಸಂದೇಶವಿಲ್ಲದ ಅಡ್ರಿನಲ್ ಹೊರಪದರ ಕ್ರಮೇಣ ಸೊರಗುತ್ತದೆ. ಮಾತ್ರೆಗಳಿಂದ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ. ಹೆಚ್ಚಿನ ಡೋಸ್‌ನ ಇನ್‌ಹೇಲರ್, ಕೀಲಿನೊಳಗೆ ಮತ್ತೆ ಮತ್ತೆ ಕೊಟ್ಟ ಸ್ಟೀರಾಯ್ಡ್ ಚುಚ್ಚುಮದ್ದು, ಮೈಯ ದೊಡ್ಡ ಭಾಗಕ್ಕೆ ಬಹುಕಾಲ ಹಚ್ಚಿದ ಕ್ಲೋಬೆಟಸಾಲ್‌ನಂಥ ತೀವ್ರ ಮುಲಾಮು, ಇವೂ ಅದೇ ಕೆಲಸ ಮಾಡಬಲ್ಲವು. ದೀರ್ಘಕಾಲ ತೆಗೆದುಕೊಂಡ ಓಪಿಯಾಯ್ಡ್ (ಮಾರ್ಫಿನ್ ಬಗೆಯ) ನೋವುನಿವಾರಕಗಳು ಕೂಡ ಈ ಸರಪಳಿಯನ್ನು ತಗ್ಗಿಸುತ್ತವೆ. ಆದ್ದರಿಂದ ವೈದ್ಯರ ಬಳಿಗೆ ಹೋಗುವ ಮುನ್ನ ಕಳೆದ ಎರಡು ವರ್ಷಗಳಲ್ಲಿ ನುಂಗಿದ, ಸೇದಿದ, ಚುಚ್ಚಿಸಿಕೊಂಡ, ಹಚ್ಚಿದ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಹೆಸರು, ಡೋಸ್, ಅವಧಿ ಸಮೇತ ಬರೆದುಕೊಳ್ಳಿ. ಹಲವರ ವಿಷಯದಲ್ಲಿ ಉತ್ತರ ಸಿಗುವುದು ಮಾತ್ರೆಯ ಪಟ್ಟಿಯಲ್ಲಿ ಅಲ್ಲ, ಮರೆತೇಹೋಗಿದ್ದ ಮುಲಾಮಿನ ಟ್ಯೂಬಿನಲ್ಲಿ.

ಈ ಔಷಧಿಯ ಇತಿಹಾಸದಲ್ಲಿಯೇ ಈ ಪಾಠ ಅಡಗಿದೆ. 1948ರ ಸೆಪ್ಟೆಂಬರ್‌ನಲ್ಲಿ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್ ಅವರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. 1950ರಲ್ಲಿ ಹೆಂಚ್ ಅವರಿಗೂ ಈ ಹಾರ್ಮೋನುಗಳ ಸಂಶೋಧಕರಾದ ಕೆಂಡಾಲ್ ಮತ್ತು ರೈಖ್‌ಸ್ಟೈನ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು. ಅದಾಗಿ ಎರಡೇ ವರ್ಷಕ್ಕೆ, 1952ರಲ್ಲಿ, ಕಾರ್ಟಿಸೋನ್ ಮೇಲಿದ್ದ ರೋಗಿಯೊಬ್ಬ ಶಸ್ತ್ರಚಿಕಿತ್ಸೆಯ ನಂತರ ರಕ್ತದೊತ್ತಡ ಕುಸಿದು ತೀರಿಕೊಂಡ ವರದಿ ಪ್ರಕಟವಾಯಿತು. ಆತನ ಅಡ್ರಿನಲ್ ಗ್ರಂಥಿಗಳು ಸೊರಗಿಹೋಗಿದ್ದವು. ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಬಾರದೆಂದು ಇಂದಿಗೂ ಒತ್ತಿ ಹೇಳುವುದರ ಹಿಂದೆ ಅಂಥ ಸಾವುಗಳಿವೆ.

ಹಂತ 2: ಮೂರು ಬಗೆಯ ಸುಸ್ತನ್ನು ಬೇರ್ಪಡಿಸುವುದು

ಡೋಸ್ ಇಳಿಯುವಾಗ ಬರುವ ಆಯಾಸಕ್ಕೆ ಮೂರು ಬೇರೆ ಬೇರೆ ಕಾರಣಗಳಿರಬಹುದು, ಮತ್ತು ಅವುಗಳಿಗೆ ಮಾಡಬೇಕಾದದ್ದೂ ಬೇರೆ ಬೇರೆ. ಒಂದು, ಮೂಲ ಕಾಯಿಲೆ ಮತ್ತೆ ತಲೆಯೆತ್ತುತ್ತಿರಬಹುದು. ಆಗ ಆ ಕಾಯಿಲೆಯ ಹಳೆಯ ಲಕ್ಷಣಗಳೇ, ಅಂದರೆ ಊದಿದ ಕೀಲು, ಉಬ್ಬಸ, ಚರ್ಮದ ಗುಳ್ಳೆಗಳು, ಮರಳುತ್ತವೆ. ಎರಡು, ನಿಜವಾದ ಕಾರ್ಟಿಸಾಲ್ ಕೊರತೆ. ಇದರಲ್ಲಿ ಹಸಿವು ಹೋಗುತ್ತದೆ, ತೂಕ ಇಳಿಯುತ್ತದೆ, ಓಕರಿಕೆ ಬರುತ್ತದೆ, ಎದ್ದು ನಿಂತಾಗ ತಲೆ ಸುತ್ತುತ್ತದೆ. ಮೂರನೆಯದು ಸ್ಟೀರಾಯ್ಡ್ ಹಿಂತೆಗೆತದ ತೊಂದರೆ. ದೇಹ ಹೆಚ್ಚಿನ ಡೋಸ್‌ಗೆ ಒಗ್ಗಿಹೋಗಿರುವುದರಿಂದ, ಇಳಿಸಿದ ಡೋಸ್ ಸಹಜ ಮಟ್ಟಕ್ಕಿಂತ ಮೇಲಿದ್ದಾಗಲೂ ಮೈಕೈ ನೋವು, ಕೀಲು ನೋವು, ಮಂಕು, ಅಳು ಬರುವಂಥ ಮನಸ್ಥಿತಿ ಕಾಡುತ್ತವೆ.

ಇವುಗಳನ್ನು ಲಕ್ಷಣ ನೋಡಿ ಮಾತ್ರ ಬೇರ್ಪಡಿಸುವುದು ವೈದ್ಯರಿಗೂ ಸುಲಭವಲ್ಲ. ಆದರೆ ಮನೆಯಲ್ಲಿ ನೀವು ಮಾಡಬಹುದಾದ ಒಂದು ಉಪಯುಕ್ತ ಅಳತೆಯಿದೆ. ಐದು ನಿಮಿಷ ಮಲಗಿ ಬಿಪಿ ನೋಡಿಕೊಳ್ಳಿ, ಎದ್ದು ನಿಂತು ಮೂರು ನಿಮಿಷದೊಳಗೆ ಮತ್ತೆ ನೋಡಿಕೊಳ್ಳಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ಬರೆದಿಟ್ಟು ವೈದ್ಯರಿಗೆ ತಿಳಿಸಿ. ಇನ್ನೊಂದು ಮಾತು: ಅಡ್ರಿನಲ್ ಗ್ರಂಥಿಯೇ ನಾಶವಾಗುವ ಅಡಿಸನ್ ಕಾಯಿಲೆಯಲ್ಲಿ ಮೈ ಕಪ್ಪಾಗುತ್ತದೆ, ಉಪ್ಪಿನ ಬಯಕೆ ಹೆಚ್ಚುತ್ತದೆ. ಸ್ಟೀರಾಯ್ಡ್‌ನಿಂದಾದ ಕೊರತೆಯಲ್ಲಿ ಉಪ್ಪನ್ನು ಹಿಡಿದಿಡುವ ಅಲ್ಡೋಸ್ಟಿರೋನ್ ಹಾರ್ಮೋನು ಬಹುತೇಕ ಕೆಡದೇ ಉಳಿಯುತ್ತದೆ, ಏಕೆಂದರೆ ಅದರ ಹಿಡಿತ ಪಿಟ್ಯುಟರಿಗಿಂತ ಹೆಚ್ಚಾಗಿ ಮೂತ್ರಪಿಂಡದ ರೆನಿನ್ ವ್ಯವಸ್ಥೆಯ ಕೈಯಲ್ಲಿದೆ. ಹಾಗಾಗಿ ‘ಅಡ್ರಿನಲ್‌ಗೆ ಒಳ್ಳೆಯದು’ ಎಂದು ಬೆಳಿಗ್ಗೆ ಎದ್ದು ಉಪ್ಪುನೀರು ಕುಡಿಯುವ ಸಲಹೆ ನಿಮಗೆ ಅನ್ವಯಿಸುವುದಿಲ್ಲ. ಸ್ಟೀರಾಯ್ಡ್‌ನಿಂದ ಬಿಪಿ ಏರಿದವರಿಗೆ ಅದು ಕೆಡುಕನ್ನೇ ಮಾಡುತ್ತದೆ.

ಹಂತ 3: ಇಳಿಸುವ ದಾರಿ

2024ರಲ್ಲಿ ಯುರೋಪಿನ ಅಂತಃಸ್ರಾವ ತಜ್ಞರ ಸಂಘ ಮತ್ತು ಅಮೆರಿಕದ ಎಂಡೋಕ್ರೈನ್ ಸೊಸೈಟಿ ಜಂಟಿಯಾಗಿ ಈ ವಿಷಯಕ್ಕೆಂದೇ ಮಾರ್ಗಸೂಚಿ ಹೊರತಂದಿವೆ. ಅದರ ಸಾರ ಇಷ್ಟು: ಡೋಸ್ ದೊಡ್ಡದಿರುವಾಗ ದೊಡ್ಡ ಹೆಜ್ಜೆ, ಚಿಕ್ಕದಾದಂತೆ ಚಿಕ್ಕ ಹೆಜ್ಜೆ. ಮೂಲ ಕಾಯಿಲೆ ಹತೋಟಿಯಲ್ಲಿದ್ದರೆ 40 ಮಿ.ಗ್ರಾಂಗಿಂತ ಮೇಲೆ ವಾರಕ್ಕೆ 5ರಿಂದ 10 ಮಿ.ಗ್ರಾಂ, 40ರಿಂದ 20ರ ನಡುವೆ ವಾರಕ್ಕೆ 5, 20ರಿಂದ 10ರ ನಡುವೆ ಒಂದರಿಂದ ನಾಲ್ಕು ವಾರಕ್ಕೊಮ್ಮೆ 1ರಿಂದ 2.5, 10ರಿಂದ 5ರ ನಡುವೆ ಒಂದರಿಂದ ನಾಲ್ಕು ವಾರಕ್ಕೊಮ್ಮೆ 1 ಮಿ.ಗ್ರಾಂ ಇಳಿಸುವುದು ಒಂದು ಮಾದರಿ. ಸುಮಾರು 5 ಮಿ.ಗ್ರಾಂಗೆ ಬಂದಾಗ ದೇಹದ ಸಹಜ ಅಗತ್ಯದ ಗಡಿ ಮುಟ್ಟುತ್ತೀರಿ. ಅಲ್ಲಿಂದ ಕೆಳಗೆ ಇಳಿಯುವ ಪ್ರತಿ ಮಿಲಿಗ್ರಾಂ ಅನ್ನು ನಿಮ್ಮದೇ ಗ್ರಂಥಿ ತುಂಬಿಕೊಡಬೇಕು. ಅಲ್ಲಿಯವರೆಗೆ ಸಲೀಸಾಗಿ ಇಳಿದು ಬಂದವರು ಕೊನೆಯ 5 ಮಿ.ಗ್ರಾಂನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ, ಮತ್ತು ಅದರಲ್ಲಿ ಅವರ ತಪ್ಪೇನೂ ಇಲ್ಲ.

ನಿಮ್ಮ ಮಾತ್ರೆ ಪ್ರೆಡ್ನಿಸೊಲೋನ್ ಅಲ್ಲದಿದ್ದರೆ ಲೆಕ್ಕ ಬದಲಾಗುತ್ತದೆ. ಅದರ 5 ಮಿ.ಗ್ರಾಂಗೆ ಸರಿಸುಮಾರು ಸಮನಾದದ್ದು ಹೈಡ್ರೋಕಾರ್ಟಿಸೋನ್ 20, ಡಿಫ್ಲಜಾಕಾರ್ಟ್ 6, ಮಿಥೈಲ್ ಪ್ರೆಡ್ನಿಸೊಲೋನ್ 4, ಡೆಕ್ಸಾಮೆಥಸೋನ್ ಸುಮಾರು 0.75 ಮಿ.ಗ್ರಾಂ. ಡೆಕ್ಸಾಮೆಥಸೋನ್‌ನ ಪ್ರಭಾವ 36 ಗಂಟೆ ಮೀರಿ ಇರುವುದರಿಂದ ಬೆಳಿಗ್ಗೆ ನುಂಗಿದರೂ ರಾತ್ರಿ ಮಿದುಳು ಬಿಡುವು ಕಾಣುವುದಿಲ್ಲ. ಅದರ ಮೇಲೆ ಬಹುಕಾಲ ಇದ್ದವರನ್ನು ಇಳಿಸುವ ಮೊದಲು ಕಡಿಮೆ ಅವಧಿಯ ಸ್ಟೀರಾಯ್ಡ್‌ಗೆ ಬದಲಾಯಿಸುವುದನ್ನು ವೈದ್ಯರು ಪರಿಗಣಿಸುತ್ತಾರೆ.

ಚಿಕ್ಕ ಹೆಜ್ಜೆಗಳಲ್ಲಿ ಮಾತ್ರೆ ಕತ್ತರಿಸುವುದೇ ಒಂದು ಕಸುಬು. ಮೊದಮೊದಲು ನಾನು ಅಡುಗೆಮನೆಯ ಚಾಕುವಿನಿಂದ 5 ಮಿ.ಗ್ರಾಂ ಮಾತ್ರೆಯನ್ನು ನಾಲ್ಕು ಮಾಡುತ್ತಿದ್ದೆ. ಒಂದು ತುಂಡು ಗೋಡೆಗೆ ಹಾರುತ್ತಿತ್ತು, ಮಿಕ್ಕ ಮೂರರಲ್ಲಿ ಒಂದು ಉಗುರಿನಷ್ಟು ದಪ್ಪ, ಇನ್ನೊಂದು ಬರೀ ಪುಡಿ. ಅಂಗೈಯಲ್ಲಿಟ್ಟು ನೋಡಿದಾಗಲೇ ತಿಳಿಯಿತು, ನಾನು ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ತೆಗೆದುಕೊಳ್ಳುತ್ತಿದ್ದೇನೆಂದು. 1 ಮಿ.ಗ್ರಾಂನ ಅಥವಾ 2.5 ಮಿ.ಗ್ರಾಂನ ಮಾತ್ರೆಯನ್ನೇ ಬರೆದುಕೊಡಲು ಕೇಳುವುದು ಒಳ್ಳೆಯದು. ಇಲ್ಲದಿದ್ದರೆ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಬಳಸಿ. ಹೊಟ್ಟೆಗೆ ಉರಿಯಾಗದಿರಲೆಂದು ಹೊರಲೇಪ ಕೊಟ್ಟ ಮಾತ್ರೆಗಳನ್ನು ಮಾತ್ರ ಕತ್ತರಿಸಲೇಬಾರದು.

ಬೇರೆ ಔಷಧಿಗಳತ್ತಲೂ ಕಣ್ಣಿರಲಿ. ಕ್ಷಯರೋಗದ ರಿಫಾಂಪಿಸಿನ್, ಅಪಸ್ಮಾರದ ಫಿನೈಟಾಯಿನ್ ಮತ್ತು ಕಾರ್ಬಮಜೆಪೈನ್ ಸ್ಟೀರಾಯ್ಡನ್ನು ಬೇಗ ಕರಗಿಸಿಬಿಡುತ್ತವೆ. ಶಿಲೀಂಧ್ರ ಸೋಂಕಿನ ಇಟ್ರಾಕೊನಜೋಲ್, ಎಚ್‌ಐವಿಯ ರಿಟೊನಾವಿರ್ ಅದನ್ನು ದೇಹದಲ್ಲಿ ಹೆಚ್ಚು ಹೊತ್ತು ಉಳಿಸುತ್ತವೆ. ಸ್ಟೀರಾಯ್ಡ್‌ನಿಂದ ಏರಿದ ಸಕ್ಕರೆಗೆಂದು ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಆರಂಭಿಸಿದ್ದವರು, ಸ್ಟೀರಾಯ್ಡ್ ಇಳಿದಂತೆ ಅವುಗಳ ಡೋಸನ್ನೂ ವೈದ್ಯರಿಂದ ಇಳಿಸಿಕೊಳ್ಳಬೇಕು. ಇದನ್ನು ಮರೆತರೆ ನಡುರಾತ್ರಿ ಸಕ್ಕರೆ ಕುಸಿದು, ಬೆವರಿ ಎಚ್ಚರವಾಗುತ್ತದೆ, ಮತ್ತು ಅದನ್ನು ಬರೀ ನಿದ್ರಾಹೀನತೆ ಎಂದುಕೊಂಡು ಸುಮ್ಮನಿರುವ ಅಪಾಯವಿದೆ.

ಹಂತ 4: ಬೆಳಗಿನ ಕಾರ್ಟಿಸಾಲ್ ಪರೀಕ್ಷೆ

ಗ್ರಂಥಿ ಎದ್ದಿದೆಯೇ ಎಂದು ತಿಳಿಯಲು ಬೆಳಿಗ್ಗೆ 8ರಿಂದ 9 ಗಂಟೆಯೊಳಗೆ ರಕ್ತದ ಕಾರ್ಟಿಸಾಲ್ ನೋಡುತ್ತಾರೆ. ಮಧ್ಯಾಹ್ನದ ಅಥವಾ ಸಂಜೆಯ ಪರೀಕ್ಷೆಯಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಆರೋಗ್ಯವಂತರಲ್ಲಿಯೂ ಮಟ್ಟ ಇಳಿದಿರುತ್ತದೆ. ಅದೇ ಮಾರ್ಗಸೂಚಿಯ ಪ್ರಕಾರ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚಿದ್ದರೆ ಗ್ರಂಥಿ ಚೇತರಿಸಿಕೊಂಡಿದೆ ಎಂದು ಭಾವಿಸಿ ಸ್ಟೀರಾಯ್ಡ್ ನಿಲ್ಲಿಸಬಹುದು. 5ರಿಂದ 10ರ ನಡುವೆ ಇದ್ದರೆ ಸಹಜ ಮಟ್ಟದ ಡೋಸ್ ಮುಂದುವರಿಸಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಮತ್ತೆ ನೋಡಬೇಕು. 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಕೆಲವು ತಿಂಗಳು ಕಾಯಬೇಕು. ಪ್ರಯೋಗಾಲಯದ ವರದಿ ನ್ಯಾನೋಮೋಲ್ ಲೆಕ್ಕದಲ್ಲಿದ್ದರೆ ಇದೇ ಗಡಿಗಳು 300 ಮತ್ತು 150 ಆಗುತ್ತವೆ. ಅನುಮಾನ ಉಳಿದರೆ 250 ಮೈಕ್ರೋಗ್ರಾಂ ಕೃತಕ ಎಸಿಟಿಎಚ್ ಚುಚ್ಚಿ ಅಡ್ರಿನಲ್ ಎಷ್ಟು ಸ್ಪಂದಿಸುತ್ತದೆ ಎಂದು ನೋಡುವ ಪರೀಕ್ಷೆಯೂ ಇದೆ.

ಪರೀಕ್ಷೆಗೆ ಮುನ್ನ ಸ್ಟೀರಾಯ್ಡನ್ನು ಎಷ್ಟು ಗಂಟೆ ತಡೆಹಿಡಿಯಬೇಕೆಂದು ವೈದ್ಯರಿಂದ ಸ್ಪಷ್ಟವಾಗಿ ಕೇಳಿಕೊಳ್ಳಿ. ಪ್ರೆಡ್ನಿಸೊಲೋನ್ ಹಾಗೂ ಹೈಡ್ರೋಕಾರ್ಟಿಸೋನ್‌ಗೆ ಸಾಮಾನ್ಯವಾಗಿ 24 ಗಂಟೆ. ಆ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಕೂಡಲೇ ನುಂಗಲು ಜೊತೆಯಲ್ಲಿಯೇ ಒಯ್ಯಿರಿ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಕಾರ್ಟಿಸಾಲ್ ಅಂಕಿಯನ್ನು ಹುಸಿಯಾಗಿ ಏರಿಸುತ್ತದೆ. ಕೂದಲಿಗೆಂದು ತೆಗೆದುಕೊಳ್ಳುವ ಬಯೋಟಿನ್ ಕೆಲವು ಪರೀಕ್ಷಾ ವಿಧಾನಗಳನ್ನು ಕೆಡಿಸುತ್ತದೆ. ಎರಡನ್ನೂ ಮುಂಚಿತವಾಗಿ ತಿಳಿಸಿ.

ಚೇತರಿಕೆಗೆ ಎಷ್ಟು ಕಾಲ ಬೇಕೆಂಬುದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಕೆಲವರಿಗೆ ವಾರಗಳು, ಅನೇಕರಿಗೆ ಆರರಿಂದ ಹನ್ನೆರಡು ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು. ಮೊದಲು ಪಿಟ್ಯುಟರಿ ಎಚ್ಚರಗೊಂಡು ಎಸಿಟಿಎಚ್ ಏರುತ್ತದೆ, ಅದರ ತಿವಿತ ತಿಂಗಳುಗಟ್ಟಲೆ ಬಿದ್ದ ಮೇಲೆ ಅಡ್ರಿನಲ್ ಮೈಮುರಿದು ಏಳುತ್ತದೆ. ನನ್ನ ಮೊದಲ ಪರೀಕ್ಷೆಯಲ್ಲಿ ಬಂದದ್ದು 3.8, ನಾಲ್ಕು ತಿಂಗಳ ನಂತರ 6.1. ಮನೆಯವರಿಗೆ ಅದು ಸಣ್ಣ ಅಂಕಿ ಅನ್ನಿಸಿತು. ಆ 2.3 ಎಷ್ಟು ದೂರದ ದಾರಿಯೆಂದು ನನಗೆ ಗೊತ್ತಿತ್ತು.

ಹಂತ 5: ಕಾಯಿಲೆ ಬಿದ್ದ ದಿನದ ಸಿದ್ಧತೆ

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಆರೋಗ್ಯವಂತರ ಅಡ್ರಿನಲ್ ಜ್ವರ ಬಂದಾಗ ಕಾರ್ಟಿಸಾಲನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಮಲಗಿರುವ ಗ್ರಂಥಿಗೆ ಅದು ಸಾಧ್ಯವಿಲ್ಲದ್ದರಿಂದ ಆ ಹೆಚ್ಚಳವನ್ನು ಹೊರಗಿನಿಂದ ಕೊಡಬೇಕಾಗುತ್ತದೆ. ಹೈಡ್ರೋಕಾರ್ಟಿಸೋನ್ ತೆಗೆದುಕೊಳ್ಳುತ್ತಿರುವವರು ಜ್ವರ ಬಂದ ದಿನಗಳಲ್ಲಿ ಡೋಸನ್ನು ಎರಡು ಪಟ್ಟು ಮಾಡಿಕೊಳ್ಳುವುದು ವಾಡಿಕೆ. ದಿನಕ್ಕೆ 10 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೊಲೋನ್ ಮೇಲಿರುವವರಿಗೆ ಸಣ್ಣಪುಟ್ಟ ಕಾಯಿಲೆಗೆ ಸಾಮಾನ್ಯವಾಗಿ ಈಗಿರುವ ಡೋಸೇ ಸಾಕಾಗುತ್ತದೆ. ನಿಮಗೆ ಅನ್ವಯಿಸುವ ಲೆಕ್ಕವನ್ನು ವೈದ್ಯರಿಂದ ಕಾಗದದ ಮೇಲೆ ಬರೆಸಿಕೊಳ್ಳಿ, ಬಾಯಿಮಾತಿನಲ್ಲಿ ಬಿಡಬೇಡಿ. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ನುಂಗಬೇಕು, ಅದೂ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಿಲ್ಲದ ವಾಂತಿ, ಹೊಟ್ಟೆನೋವು, ಎದ್ದು ಕೂರಲಾಗದಷ್ಟು ನಿತ್ರಾಣ, ಗೊಂದಲದ ಮಾತು, ಕುಸಿದ ಬಿಪಿ ಅಥವಾ ಸಕ್ಕರೆ ಕಂಡರೆ ಅದು ಅಡ್ರಿನಲ್ ಬಿಕ್ಕಟ್ಟು, ಅಂದರೆ ಕಾರ್ಟಿಸಾಲ್ ಸಾಲದೆ ಜೀವಕ್ಕೇ ಅಪಾಯವಾಗುವ ಸ್ಥಿತಿ, ಆಗಿರಬಹುದು. ಅದಕ್ಕೆ ಚಿಕಿತ್ಸೆ ಒಡನೆಯೇ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಮತ್ತು ರಕ್ತನಾಳದ ಮೂಲಕ ಲವಣದ್ರಾವಣ. ತುರ್ತು ಕೊಠಡಿಯಲ್ಲಿ ನಿಮ್ಮನ್ನು ನೋಡುವವರಿಗೆ ನಿಮ್ಮ ಹಳೆಯ ಮಾತ್ರೆಯ ಕಥೆ ಗೊತ್ತಿರುವುದಿಲ್ಲ, ನೀವೂ ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಆದ್ದರಿಂದ ‘ನಾನು ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವಳು/ನು, ಅಡ್ರಿನಲ್ ಕೊರತೆಯ ಸಾಧ್ಯತೆಯಿದೆ, ತುರ್ತಿನಲ್ಲಿ ಹೈಡ್ರೋಕಾರ್ಟಿಸೋನ್ ಬೇಕಾಗಬಹುದು’ ಎಂದು ಬರೆದ ಚೀಟಿ ಸದಾ ಪರ್ಸಿನಲ್ಲಿರಲಿ, ಫೋನಿನ ಲಾಕ್ ಪರದೆಯಲ್ಲೂ ಇರಲಿ. ಹಲ್ಲು ಕೀಳಿಸುವ ಮುನ್ನ, ಅರಿವಳಿಕೆ ಕೊಡುವ ಯಾವುದೇ ಚಿಕಿತ್ಸೆಗೆ ಮುನ್ನ ಈ ವಿಷಯವನ್ನು ಮೊದಲು ಹೇಳಿ.

ಹಂತ 6: ದಿನದ ಗಡಿಯಾರವನ್ನು ಬೆಳಗಿನಿಂದ ಕಟ್ಟುವುದು

ಸಹಜವಾಗಿ ಕಾರ್ಟಿಸಾಲ್ ನಡುರಾತ್ರಿಯ ಸುಮಾರಿಗೆ ಅತಿ ಕೆಳಗಿರುತ್ತದೆ, ಬೆಳಗಿನ ಜಾವ ಏರತೊಡಗುತ್ತದೆ, ಎಚ್ಚರವಾದ ಅರ್ಧ ಮುಕ್ಕಾಲು ಗಂಟೆಯಲ್ಲಿ ಮತ್ತೊಂದು ಜಿಗಿತ ಕಾಣುತ್ತದೆ, ಅಲ್ಲಿಂದ ಇಳಿಯುತ್ತಾ ಹೋಗುತ್ತದೆ. ನಿದ್ದೆ ಕೂರುವುದು ಆ ತಗ್ಗಿನಲ್ಲಿ. ಸ್ಟೀರಾಯ್ಡನ್ನು ಸಂಜೆ ನುಂಗಿದರೆ ತಗ್ಗು ಇರಬೇಕಾದ ಹೊತ್ತಿನಲ್ಲಿ ದಿಬ್ಬ ಏಳುತ್ತದೆ. ನಿದ್ದೆಯೂ ಕೆಡುತ್ತದೆ, ಬೆಳಗಿನ ಜಾವ ಎಸಿಟಿಎಚ್ ಏಳುವುದಕ್ಕೂ ಅಡ್ಡಿಯಾಗುತ್ತದೆ. ಒಂದೇ ಹೊತ್ತಿನ ಪ್ರೆಡ್ನಿಸೊಲೋನ್ ಡೋಸನ್ನು ಬೆಳಿಗ್ಗೆ ಎದ್ದೊಡನೆ ತಿಂಡಿಯೊಂದಿಗೆ ತೆಗೆದುಕೊಳ್ಳಬೇಕು ಎನ್ನುವುದು ಇದಕ್ಕಾಗಿ. ಹೈಡ್ರೋಕಾರ್ಟಿಸೋನನ್ನು ಎರಡು ಮೂರು ಭಾಗ ಮಾಡಿ ಕೊಟ್ಟಿದ್ದರೆ ದೊಡ್ಡ ಭಾಗ ಬೆಳಿಗ್ಗೆ, ಕೊನೆಯದು ಸಂಜೆಗೆ ಮೊದಲು, ಮಲಗುವುದಕ್ಕೆ ನಾಲ್ಕರಿಂದ ಆರು ಗಂಟೆ ಮುಂಚೆ ಮುಗಿಯಲಿ. ಈಗ ರಾತ್ರಿ ತೆಗೆದುಕೊಳ್ಳುತ್ತಿದ್ದರೆ ವೇಳೆ ಬದಲಿಸುವುದನ್ನೂ ವೈದ್ಯರನ್ನು ಕೇಳಿಯೇ ಮಾಡಿ.

ಏಳುವ ವೇಳೆಯನ್ನು ಮೊದಲು ಗಟ್ಟಿ ಮಾಡಿ, ಮಲಗುವ ವೇಳೆಯನ್ನು ಆಮೇಲೆ. ರಾತ್ರಿ ಎಷ್ಟೇ ಕೆಟ್ಟಿದ್ದರೂ ಒಂದೇ ಗಂಟೆಗೆ ಎದ್ದು, ಮೊದಲ ಒಂದು ಗಂಟೆಯೊಳಗೆ ಇಪ್ಪತ್ತು ಮೂವತ್ತು ನಿಮಿಷ ಹೊರಗಿನ ಬೆಳಕಿನಲ್ಲಿರಿ. ಮೋಡವಿದ್ದರೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಪ್ರಖರ. ನಡೆಯಲು ಕಸುವಿಲ್ಲದ ದಿನ ಬಾಗಿಲ ಮುಂದೆ ಕುರ್ಚಿ ಹಾಕಿ ಕುಳಿತರೂ ಆಯಿತು. ಸ್ಟೀರಾಯ್ಡ್ ತೊಡೆ ಮತ್ತು ಭುಜದ ಸ್ನಾಯುಗಳನ್ನು ಸವೆಸುವುದರಿಂದ ವಾರಕ್ಕೆ ಎರಡು ಮೂರು ದಿನ ಸಣ್ಣ ಭಾರದ ವ್ಯಾಯಾಮ ಬೇಕು. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು ಒಳ್ಳೆಯ ಆರಂಭ. ಮರುದಿನ ಮಲಗಿಬಿಡುವಷ್ಟು ಮಾಡಬಾರದು.

ಕಾಫಿ, ಟೀಗಳಲ್ಲಿನ ಕೆಫೀನ್ ಅರ್ಧದಷ್ಟು ಕರಗುವುದಕ್ಕೇ ಐದಾರು ಗಂಟೆ ಬೇಕು, ಆದ್ದರಿಂದ ಮಧ್ಯಾಹ್ನದ ನಂತರ ಬೇಡ. ಮದ್ಯ ನಿದ್ದೆ ತರಿಸುವಂತೆ ಕಂಡರೂ ರಾತ್ರಿಯ ಉತ್ತರಾರ್ಧವನ್ನು ಚೂರು ಮಾಡುತ್ತದೆ. ಊಟ ತಪ್ಪಿಸುವುದು, ದೀರ್ಘ ಉಪವಾಸ ಈ ಅವಧಿಯಲ್ಲಿ ಬೇಡವೇ ಬೇಡ. ಕಾರ್ಟಿಸಾಲ್ ಕಡಿಮೆಯಿರುವ ದೇಹಕ್ಕೆ ಸಕ್ಕರೆಯನ್ನು ಹಿಡಿದಿಡುವುದು ಕಷ್ಟ.

ಹಂತ 7: ರಾತ್ರಿಯನ್ನು ಸರಿಪಡಿಸುವುದು

ನಿದ್ರಾಹೀನತೆಗೆ ಮೊದಲು ಕೊಡಬೇಕಾದ ಚಿಕಿತ್ಸೆ ಮಾತ್ರೆಯಲ್ಲ, ಅರಿವು ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ-ಐ ಎಂಬ ವಿಧಾನ ಎಂದು 2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಶಿಫಾರಸು ಮಾಡಿತು. ಅದರ ಎರಡು ಮುಖ್ಯ ಅಂಗಗಳನ್ನು ಮನೆಯಲ್ಲಿಯೇ ಆರಂಭಿಸಬಹುದು.

ಮೊದಲು ಎರಡು ವಾರ ನಿದ್ದೆಯ ದಿನಚರಿ ಬರೆಯಿರಿ. ನನ್ನ ಪುಸ್ತಕದ ಒಂದು ಪುಟ ಹೀಗಿದೆ: ‘10ಕ್ಕೆ ಮಲಗಿದ್ದು. ನಿದ್ದೆ ಹತ್ತಿದ್ದು ಸುಮಾರು 11.30. 3.10ಕ್ಕೆ ಎಚ್ಚರ, ಬೆವರಿಲ್ಲ, ಎದೆ ಡವಡವ. 5ರ ನಂತರ ಮತ್ತೆ ಜೊಂಪು. 7ಕ್ಕೆ ಎದ್ದೆ. ಮಾತ್ರೆ 7.15.’ ಹಾಸಿಗೆಯಲ್ಲಿ ಒಂಬತ್ತು ಗಂಟೆ, ನಿದ್ದೆ ಸುಮಾರು ಐದೂವರೆ. ಅಂದರೆ ಶೇಕಡಾ 61. ಶೇಕಡಾ 85ರ ಹತ್ತಿರ ಇದ್ದರೆ ನಿದ್ದೆ ಗಟ್ಟಿಯಾಗಿದೆ ಎನ್ನುತ್ತಾರೆ. ಸುಸ್ತಾದವರು ಬೇಗ ಮಲಗಿ ತಡವಾಗಿ ಏಳುವುದು ಸಹಜ, ಆದರೆ ಅದರಿಂದ ನಿದ್ದೆ ಹೆಚ್ಚುವುದಿಲ್ಲ, ತೆಳುವಾಗಿ ಹರಡಿಕೊಳ್ಳುತ್ತದೆ.

ಸಾಮಾನ್ಯ ವಿಧಾನದಲ್ಲಿ ಹಾಸಿಗೆಯ ಸಮಯವನ್ನು ಒಮ್ಮೆಗೇ ನಿದ್ದೆಯ ಸಮಯದಷ್ಟಕ್ಕೆ ಇಳಿಸುತ್ತಾರೆ. ಕಾರ್ಟಿಸಾಲ್ ಕೊರತೆಯಿರುವವರಿಗೆ ಅಷ್ಟು ಬಿಗಿ ಬೇಡ ಎಂಬುದು ನನ್ನ ಅಭಿಪ್ರಾಯ. ವಾರಕ್ಕೆ ಹದಿನೈದರಿಂದ ಮೂವತ್ತು ನಿಮಿಷದಂತೆ ಮೆಲ್ಲಗೆ ಕುಗ್ಗಿಸುತ್ತಾ ಬರುವ ಸೌಮ್ಯ ರೂಪವೂ ಇದೆ. ನಾನು ಮಲಗುವುದನ್ನು 10ರಿಂದ 10.30ಕ್ಕೆ, ನಂತರ 11ಕ್ಕೆ ತಂದು, ಏಳುವುದನ್ನು 6.30ಕ್ಕೆ ನಿಲ್ಲಿಸಿದೆ. ಮೂರನೆಯ ವಾರದ ಕೊನೆಗೆ ನಡುರಾತ್ರಿಯ ಎರಡು ಗಂಟೆಯ ಎಚ್ಚರ ನಲವತ್ತು ನಿಮಿಷಕ್ಕೆ ಇಳಿದಿತ್ತು. ಅಪಸ್ಮಾರ ಅಥವಾ ಬೈಪೋಲಾರ್ ಕಾಯಿಲೆ ಇರುವವರು ತಜ್ಞರ ನೆರವಿಲ್ಲದೆ ಇದಕ್ಕೆ ಕೈ ಹಾಕಬಾರದು.

ಎರಡನೆಯ ಅಂಗ ಹಾಸಿಗೆಗೂ ಎಚ್ಚರಕ್ಕೂ ಇರುವ ನಂಟನ್ನು ಬಿಡಿಸುವುದು. ಕಣ್ಣು ಎಳೆದಾಗ ಮಾತ್ರ ಮಲಗಿ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು ಬಟ್ಟೆ ಮಡಚುವಂಥ ಸಪ್ಪೆ ಕೆಲಸ ಮಾಡಿ, ತೂಕಡಿಕೆ ಬಂದ ಮೇಲೆ ಮರಳಿ. ಏಳುವಾಗ ಅವಸರ ಮಾಡದೆ ಒಂದು ನಿಮಿಷ ಹಾಸಿಗೆಯ ಅಂಚಿನಲ್ಲಿ ಕುಳಿತು ಏಳಿ, ತಲೆ ಸುತ್ತಿ ಬೀಳುವ ಭಯ ನಮ್ಮಂಥವರಿಗೆ ಇದ್ದೇ ಇದೆ. ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿ. ದಿನಚರಿಗೆ ಅಂದಾಜಿನ ವೇಳೆ ಸಾಕು.

ಬೆಳಗಿನ ಜಾವದ ಎಚ್ಚರಕ್ಕೆ ದೇಹದ ಕಾರಣಗಳನ್ನೂ ಹುಡುಕಬೇಕು. ಬೆವರು, ನಡುಕ ಇದ್ದರೆ ಆ ಹೊತ್ತಿನಲ್ಲಿಯೇ ಸಕ್ಕರೆ ನೋಡಿ. 70ಕ್ಕಿಂತ ಕೆಳಗಿದ್ದರೆ ತಕ್ಷಣ ಸಿಹಿ ತೆಗೆದುಕೊಂಡು ಬೆಳಿಗ್ಗೆಯೇ ವೈದ್ಯರಿಗೆ ತಿಳಿಸಿ. ಸ್ಟೀರಾಯ್ಡ್‌ನಿಂದ ತೂಕ ಹೆಚ್ಚಿ, ಜೋರು ಗೊರಕೆ ಶುರುವಾಗಿ, ಉಸಿರು ಕಟ್ಟಿದಂತಾಗಿ ಎಚ್ಚರವಾಗುತ್ತಿದ್ದರೆ ಸ್ಲೀಪ್ ಅಪ್ನಿಯಾ ಪರೀಕ್ಷೆ ಮಾಡಿಸಿ. ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಿದ್ದರೆ ಮಧುಮೇಹ ನೋಡಿಸಿ. ಬದುಕೇ ಬೇಡ ಎನ್ನಿಸುವ ಯೋಚನೆ ಬಂದರೆ ಅದನ್ನು ಅಂದೇ ಹತ್ತಿರದವರಿಗೂ ವೈದ್ಯರಿಗೂ ಹೇಳಿ. ಸ್ಟೀರಾಯ್ಡ್ ಏರುವಾಗಲೂ ಇಳಿಯುವಾಗಲೂ ಮನಸ್ಸು ಕಲಕುತ್ತದೆ, ಅದಕ್ಕೆ ಚಿಕಿತ್ಸೆಯಿದೆ.

ಹಂತ 8: ನಿದ್ದೆ ಮಾತ್ರೆ ಮತ್ತು ‘ಅಡ್ರಿನಲ್ ಟಾನಿಕ್’

ಸ್ಟೀರಾಯ್ಡ್ ಕಾಲದಲ್ಲಿ ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಅಥವಾ ಜೋಲ್ಪಿಡೆಮ್ ಆರಂಭಿಸಿ ಅದೇ ಅಭ್ಯಾಸವಾದವರು ಬಹಳ. ಸ್ಟೀರಾಯ್ಡನ್ನೂ ಇವುಗಳನ್ನೂ ಒಂದೇ ತಿಂಗಳಲ್ಲಿ ಇಳಿಸಬೇಡಿ, ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ಬಹುಕಾಲ ತೆಗೆದುಕೊಂಡ ಬೆಂಜೊಡಯಜೆಪೈನ್‌ಗಳನ್ನು (ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಈ ಗುಂಪಿನವು) ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು ಇಳಿಸುವುದು ಸುರಕ್ಷಿತ ಆರಂಭ. ಪ್ರತಿ ಇಳಿಕೆಯ ನಂತರ ಕೆಲವು ರಾತ್ರಿ ನಿದ್ದೆ ಕೆಡುವುದು ನಿರೀಕ್ಷಿತ, ಅದು ಕಳೆದುಹೋಗುತ್ತದೆ.

‘ಅಡ್ರಿನಲ್ ಫೆಟೀಗ್’ (ಅಡ್ರಿನಲ್ ದಣಿವು) ಎಂಬ ಹೆಸರಿನಲ್ಲಿ ಮಾರುವ ಪುಡಿ, ಕ್ಯಾಪ್ಸೂಲ್‌ಗಳ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಬೇಡ. ಅಂಥ ಕಾಯಿಲೆಯನ್ನು ಅಂತಃಸ್ರಾವ ತಜ್ಞರು ಒಪ್ಪುವುದಿಲ್ಲ. ನಿಮಗಿರುವುದು ರಕ್ತದಲ್ಲಿ ಅಳೆಯಬಹುದಾದ ನಿಜವಾದ ಕೊರತೆ. ಅಡ್ರಿನಲ್ ಬೆಂಬಲದ ಹೆಸರಿನಲ್ಲಿ ಮಾರಾಟವಾಗುವ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಚೀಟಿಯಲ್ಲಿ ಬರೆಯದ ಥೈರಾಯ್ಡ್ ಹಾರ್ಮೋನು ಮತ್ತು ಸ್ಟೀರಾಯ್ಡ್ ಅಂಶಗಳು ಸಿಕ್ಕ ಉದಾಹರಣೆಗಳಿವೆ. ಬಿಡಲು ಹೊರಟದ್ದನ್ನೇ ತಿಳಿಯದೆ ಮತ್ತೆ ನುಂಗಿದಂತಾಗುತ್ತದೆ. ಅತಿಮಧುರ ಹೆಚ್ಚಾದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಅಶ್ವಗಂಧದಿಂದ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಗಿಡಮೂಲಿಕೆ ಎಂಬ ಒಂದೇ ಕಾರಣಕ್ಕೆ ಅದು ನಿರುಪದ್ರವಿ ಆಗುವುದಿಲ್ಲ. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ವಿಷಯ ಬೇರೆ. ಸ್ಟೀರಾಯ್ಡ್ ಮೂಳೆಯನ್ನು ಟೊಳ್ಳು ಮಾಡುವುದರಿಂದ ಅವು ಬೇಕೇ, ಮೂಳೆ ಸಾಂದ್ರತೆಯ ಪರೀಕ್ಷೆ ಬೇಕೇ ಎಂದು ಕೇಳಿ.

ಹಂತ 9: ನಿಲ್ಲಿಸಿದ ಮೇಲೆ

ಕೊನೆಯ ಮಾತ್ರೆ ನುಂಗಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಸಾಧಾರಣ ದಿನಗಳಿಗೆ ಸಾಕಾಗುವಷ್ಟು ಕಾರ್ಟಿಸಾಲ್ ಮಾಡುವ ಗ್ರಂಥಿ, ದೊಡ್ಡ ಜ್ವರ ಅಥವಾ ಶಸ್ತ್ರಚಿಕಿತ್ಸೆಯ ಹೊರೆಯನ್ನು ಹೊರಲು ಇನ್ನೂ ಸಿದ್ಧವಾಗಿರದೆ ಇರಬಹುದು, ಈ ಸ್ಥಿತಿ ಒಂದು ವರ್ಷದವರೆಗೂ ಎಳೆಯಬಹುದು. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ತೂಕ ಮತ್ತು ನಿಂತ ಬಿಪಿ ಬರೆದಿಡಿ. ಹಸಿವು ಕುಗ್ಗಿ ತೂಕ ಇಳಿಯತೊಡಗಿದರೆ ಮುಂದಿನ ಭೇಟಿಯವರೆಗೆ ಕಾಯದೆ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿ. ಏಳುವ ವೇಳೆ ಮತ್ತು ಬೆಳಗಿನ ಬೆಳಕನ್ನು ಹಾಗೆಯೇ ಉಳಿಸಿಕೊಳ್ಳಿ. ಪರ್ಸಿನಲ್ಲಿರುವ ಚೀಟಿಯನ್ನು ತೆಗೆಯಬಹುದೇ ಎಂಬುದನ್ನು ವೈದ್ಯರು ಪರೀಕ್ಷೆಯ ಅಂಕಿ ನೋಡಿ ಹೇಳಲಿ. ಅಲ್ಲಿಯವರೆಗೆ ಅದು ಅಲ್ಲೇ ಇರಲಿ.